ಕಿಸೆ ಅಸ್ತರ

ಪ್ಯಾಂಟು ಒಳಹೊರಗ ಮಾಡಿದರ
ಮನಿಷ್ಯಾನ ಪೂರಾ ಹಕೀಕತ್ತು ಕಿಸ್ಯಾಗೇ ಇರ್ತದ.
ತಂಬಾಕಿನ ಪುಡಿ, ನಾರಾಯಣಪೇಟ ಬಸ್ಸಿನ ಟಿಕೀಟು,
ತೊಳೆದು ತೊಳೆದು ಹಪ್ಪಳಾದ ಹತ್ತರ ನೋಟು,
ಹೆಂಡತಿಗಿ ತೋರಿಸದ ಚೀಟಿ.
ಮೂವತ್ತೊಂದು ವರ್ಷ ಗುರುಮಠಕಲ್ಲಿನಾಗ
ಇದೇ ಮಷೀನಿನ ಮುಂದ ಕೂತು ಓದೀನಿ.

ಖರೆ, ಲೈನ್‌ಮನ್ ಸಾಬಣ್ಣ ತಂದಿದ್ದು ಬ್ಯಾರೇನೇ.
ಖಾಕಿ ಪ್ಯಾಂಟಿನ ಬಲಗಿಸೆ,
ಅಸ್ತರದಾಗ ರೂಪಾಯಿ ಬಿಲ್ಲೆಯಷ್ಟು
ಗುಂಡಗ ಸುಟ್ಟ ತೂತು.
ಮೂಸಿ ನೋಡಿದೆ. ಇಸ್ತ್ರಿ ಮರೆತಾಗಿನ ವಾಸನಿ.
"ಬೀಡಿ ಯಾವಾಗ ಕಲಿತ್ಯೋ?" ಅಂದೆ.

ನಗಲಿಲ್ಲ. ತೆಗೆದು ಕತ್ತರಿ ಬಾಜೂಕ ಇಟ್ಟ:
ಹೆಬ್ಬೆಟ್ಟಿನಷ್ಟು ದಪ್ಪ, ಗೇಣಿಗಿ ಕಮ್ಮಿ,
ಹೈದರಾಬಾದಿನಿಂದ ಅಳಿಯ ತಂದುಕೊಟ್ಟ ಬ್ಯಾಟ್ರಿ.
ಟಿಸಿ ಪೆಟ್ಟಿಗಿಯ ಕೀಲಿ ಅದೇ ಕಿಸ್ಯಾಗ.
ಕುಂತಾಗ ಕೀಲಿ ಬಟನ್ ಒತ್ಯದ,
ಇವಗ ಗೊತ್ತಿಲ್ಲ.
ಮೊದಲು ಬೆಚ್ಚಗಾತಂತ. ಬ್ಯಾಸಿಗಿ ಅನಕೊಂಡ.
ನಮ್ಮ ಕಡೆ ಬಿಸಿಗೆ
ಎಲ್ಲಿಂದ ಬಂದಿ ಅಂತ ಯಾರು ಕೇಳ್ತಾರ?
ದಿನಕರ್ಮದ ಊಟದ ಪಂಕ್ತ್ಯಾಗ
ಎದುರಿನ ಹುಡುಗ ಹೋಳಿಗಿ ಬಿಟ್ಟು
ಇವನ ತೊಡಿ ನೋಡಿ ನಗಾಕ ಹತ್ತಿದಾಗ
ಚಂಗನ ಎದ್ದ.
ಬೊಬ್ಬಿ ಎದ್ದಿತ್ತು, ತೋರಿಸಿದ,
ಹಣ್ಣಾದ ಬಾರಿಕಾಯಿ ಹಂಗ.

ಅದಲ್ಲ ಸುದ್ದಿ. ಸುದ್ದಿ ಆ ರಾತ್ರಿದು.
ಚಂಡರಕಿ ಹಾದ್ಯಾಗ ಜಂಪರ್ ಕಡದು
ಕಂಬ ಏರ್ಯಾನ, ಬೆಲ್ಟು ಬಿಗಿದಾನ,
ಬ್ಯಾಟ್ರಿ ಒತ್ಯಾನ.
ಇಲ್ಲ.
ಹಗಲೆಲ್ಲ ಕಿಸೆಗೇ ಬೆಳಕು ಬಡಿಸಿ
ಖಾಲಿ ಆಗಿ ಕುಂತದ.
ಎರಡು ಲೈನು ಅಡ್ಡ ಹಾಯೋ ಕಂಬ ಅದು:
ಯಾವ ತಂತಿ ಸತ್ತದ, ಯಾವುದು ಜೀವ ಹಿಡಿದದ,
ಕತ್ತಲಾಗ ಎಲ್ಲಾ ಒಂದೇ ಕಪ್ಪು.
ಕೈ ಎದಿಗಿ ಮಡಚಿಕೊಂಡು
ಒಂದೂವರೆ ತಾಸು ಅಲ್ಲೇ ನಿಂತ,
ಕೆಳಗಿನ ಹುಡುಗ ಊರಿಗಿ ಹೋಗಿ
ಬ್ಯಾರೆ ಬ್ಯಾಟ್ರಿ ತರೋತನ.
ಮಾಳಗಿ ಮ್ಯಾಲ ಮಲಗಿದ ಮಂದಿ
ಕರೆಂಟಿಗೆ ಬಯ್ಯೋದು, ತನ್ನ ಹೆಸರು ಹಿಡಿದೇ ಬಯ್ಯೋದು
ಸ್ಪಷ್ಟ ಕೇಳಸ್ತಿತ್ತಂತ.

ನಮ್ಮಪ್ಪನ ಬಲ್ಲಿ ಮೂರು ಸೆಲ್ಲಿನ ಬ್ಯಾಟ್ರಿ ಇತ್ತು.
ಬೆಳಕು ಹರಿದರ ಮುಚ್ಚಳ ಬಿಚ್ಚಿ
ಒಂದು ಸೆಲ್ಲು ತಲೆಕೆಳಗು ಹಾಕ್ತಿದ್ದ.
"ಅದಕ್ಕೂ ನಿದ್ದಿ ಬೇಕೋ" ಅಂತಿದ್ದ.
ಸಾಬಣ್ಣನದಕ್ಕ ಇರೋದು ಒಂದೇ ಸೆಲ್ಲು,
ಉಲ್ಟಾ ಹಾಕಂತ ನಾ ಹ್ಯಾಂಗ ಹೇಳಲಿ?
ತಿರುವಿ ತಿರುವಿ ನೋಡಿದಿವಿ.
ಬಾಬಿನ್ ಡಬ್ಬಿಯ ತಿರುಪು ಸಡಲಿಸೋ ಬೆರಳು ನಂದು,
ಅದೇ ಹುಡಿಕಿತು: ಹಿಂದಿನ ಮುಚ್ಚಳ
ಕಾಲು ಸುತ್ತು ಬಿಡಿಸಿದೆ.
"ಈಗ ಒತ್ತು."
ಒತ್ತಿದ. ಗಪ್ಪು.
ಬಿಗಿ ಮಾಡಿದೆ, ಅಂಗಡಿ ತುಂಬ ಬೆಳಕು.

ಆಮ್ಯಾಗ ಹೊಲಿದೆ.
ತೊಡಿ ಹೊರಮಗ್ಗಲಿಗೆ ಉದ್ದನ್ನ ಸಣ್ಣ ಕಿಸೆ,
ದಪ್ಪ ಕ್ಯಾನ್ವಾಸು, ಜೋಡಿ ಅಸ್ತರ,
ಮ್ಯಾಲೊಂದು ಮುಚ್ಚಳಪಟ್ಟಿ.
ಕೀಲಿಗೆ ಅದರಾಗ ಜಾಗ ಇಡಲಿಲ್ಲ.
"ಎಷ್ಟು ಕೊಡಲಿ?"
"ನಮ್ಮ ಓಣಿ ಫ್ಯೂಜ್ ಹ್ವಾದಾಗ ಮೊದಲು ಬಾ."

ಮೂರೇ ದಿನ. ಸಿಟ್ಟಿಗೆದ್ದು ಬಂದ.
"ಹಾವು ಅಡ್ಡ ಬಂತು, ಒತ್ತಿದರ ಹತ್ತಲಿಲ್ಲ,
ಮುಚ್ಚಳ ಬಿಡಿಸಿದ್ದು ನೆನಪೇ ಹಾರಿತ್ತು!"
"ಹಾವು ಏನ್ ಮಾಡಿತು?"
"ಅದಕ್ಕೇನು, ಹೋತು."
ಇಬ್ಬರೂ ಒಂದೊಂದು ಚಾ ಕುಡಿದಿವಿ.

ಆ ಸಂಜಿ ಕರೆಂಟ್ ಹೋಗಿತ್ತು.
ಅಂಗಡಿ ಹಾಕಿ ಮನಿ ಹಾದಿ ಹಿಡಿದೆ,
ಕಲ್ಲು ಎಲ್ಲಿ ಅದ, ಮೋರಿ ಎಲ್ಲಿ ಅದ
ಕಾಲಿಗೇ ಗೊತ್ತು.
ಕಟ್ಟಿ ಮ್ಯಾಲಿನ ಪೋರಿ ಕೂಗಿದಳು:
"ತಾತಾ, ನಿನ್ನ ಎದಿ ಹತ್ಯದ!"

ಬಗ್ಗಿ ನೋಡಿದೆ.
ಅಂಗಿ ಕಿಸ್ಯಾಗಿನ ಮೊಬೈಲಿನ ಬ್ಯಾಟ್ರಿ,
ಯಾವಾಗ ಹತ್ತಿತ್ತೋ, ಮಧ್ಯಾಹ್ನದಿಂದನೋ ಏನೋ,
ತೆಳು ಅರಿವಿಯೊಳಗಿಂದ
ನನ್ನ ಕೈಯಿನ ಹೊಲಿಗಿ
ಟಾಕಾ ಟಾಕಾ ಎಣಿಸೋಹಂಗ ಕಾಣಸ್ತಿತ್ತು.
ಮೂರನೇದು ಸೊಟ್ಟ ಇತ್ತು.