ಕಮಾನಿನ ಎತ್ತರ

ಸ್ವಾಗತ ಎಂದು ಬರೆದಿತ್ತು ಕಮಾನಿನ ಮೇಲೆ.
ಕಮಾನು ಹತ್ತೂವರೆ ಅಡಿ,
ನಮ್ಮ ಗಾಡಿ ಹನ್ನೊಂದು.
ಜಬೀವುಲ್ಲಾ ಬ್ರೇಕಿನ ಮೇಲೆ ಕಾಲಿಟ್ಟು ನನ್ನ ಮುಖ ನೋಡಿದ,
ನಾನು ಹೋಸು ನೋಡಿದೆ.

ಸವಳಂಗ ರಸ್ತೆಯಿಂದ ಒಳಕ್ಕೆ, ಹೊಸ ಬಡಾವಣೆ.
ಎರಡೂ ಬದಿ ಕಾರು, ಕಾರಿಗೆ ಬೆಳ್ಳಿ ಹೊದಿಕೆ,
ಗಾಢ ನಿದ್ದೆ.
ಹೆಗಲ ಮೇಲೆ ಸುರುಳಿ ಹೊತ್ತು ಓಡಿದೆವು;
ಇದ್ದಬದ್ದ ಸುರುಳಿಯೆಲ್ಲ ಬಿಚ್ಚಿದರೂ
ಮೆಟ್ಟಿಲ ಬುಡಕ್ಕೆ ಸರಿಹೋಯಿತು.

ನಾಲ್ಕನೇ ಮಹಡಿಯ ಕೆಂಪು ಪೆಟ್ಟಿಗೆ ತೆರೆದರೆ
ಎರಡು ಪೊರಕೆ, ಫಿನಾಯಿಲ್ ಡಬ್ಬಿ,
ಯಾರದೋ ಮಗುವಿನ ಕ್ರಿಕೆಟ್ ಬ್ಯಾಟು.
ಹಿತ್ತಾಳೆ ನಳಿಕೆ ಎಂದೋ ಗುಜರಿಗೆ ನಡೆದಿತ್ತು.
ಆದರೂ ಚಕ್ರ ತಿರುಗಿಸಿದೆ:
ಪೈಪು ಒಮ್ಮೆ ಕೆಮ್ಮಿ
ಒಂದು ಹಲ್ಲಿ ಉಗುಳಿ ಸುಮ್ಮನಾಯಿತು.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಟೀಕಪ್ಪ ಹೇಳುತ್ತಿದ್ದ,
'ಮರ ಮಾತಾಡುತ್ತೆ ಕಣೋ.
ಬೀಟೆ ತೊಲೆ ಬೀಳೋ ಮುಂಚೆ ಮೂರು ಸಲ ನರಳುತ್ತೆ,
ಅರ್ಧ ತಾಸು ಯೋಚನೆ ಮಾಡುತ್ತೆ.
ಅಷ್ಟರಲ್ಲಿ ತೊಟ್ಟಿಲೂ ಹೊರಗೆ, ಕರುವೂ ಹೊರಗೆ.'

ಈ ಮನೆಯ ಸರಕು ಮಾತಾಡುವುದಿಲ್ಲ, ಟೀಕಪ್ಪಣ್ಣ.
ಬೀರು ಎಂದರೆ ಅಂಟಿನಲ್ಲಿ ಒತ್ತಿದ ಹೊಟ್ಟು,
ಅದರ ಮೇಲೆ ತೇಗದ ಫೋಟೋ.
ಸೋಫಾದೊಳಗಿನ ಸ್ಪಂಜು ಹೆಪ್ಪುಗಟ್ಟಿದ ಪೆಟ್ರೋಲು.
ಸೂರಿನ ಕೆಳಗೆ ಇನ್ನೊಂದು ಸುಳ್ಳು ಸೂರು;
ಅದು ಉರಿಯುವ ಮೊದಲು ಸುರಿಯುತ್ತದೆ,
ಹನಿಹನಿ, ಹೆಲ್ಮೆಟ್ಟಿನ ಮೇಲೆ,
ಕೈಗವಸಿಗೆ ಅಂಟಿದ್ದು ಬಿಡಿಸಿದರೆ ಚರ್ಮದ ಜೊತೆ ಬರುತ್ತದೆ.
ಕಿಟಕಿಗೆ ಸಂದಿಯೇ ಇಲ್ಲ, ಎಸಿ ಗಾಳಿ ಸೋರಬಾರದಲ್ಲ.
ಹೊಗೆಗೂ ಹೋಗಲು ದಾರಿಯಿಲ್ಲ.
ಒಂದು ಕೋಣೆ ಪೂರ್ತಿ ಹೊತ್ತಿಕೊಳ್ಳಲು
ಮೂರೋ ನಾಲ್ಕೋ ನಿಮಿಷ.
ಕಮಾನಿನ ಹತ್ತಿರ ನಾವು ಕಳೆದದ್ದೇ ಏಳು.

ಬಾಲ್ಕನಿಗೆ ಗ್ರಿಲ್ಲು. ಗ್ರಿಲ್ಲಿಗೆ ಬೀಗ.
ಅದರ ಹಿಂದೆ ಜೆಸಿಂತಾ, ನರ್ಸಿಂಗ್ ಓದುವ ಹುಡುಗಿ,
ಒದ್ದೆ ಟವೆಲ್ಲನ್ನು ಮೂಗಿಗೊತ್ತಿ
'ಕೀ ಫ್ರಿಜ್ ಮೇಲಿದೆ ಸಾರ್' ಅಂದಳು,
ಫ್ರಿಜ್ ಇನ್ನೂ ಇದೆ ಎಂಬಂತೆ.

ಪಕ್ಕದ ಮನೆಯ ಬಾಲ್ಕನಿಯಿಂದ ಬಾಗಿ ಕತ್ತರಿಸಿದೆವು.
ಕಳ್ಳರಿಗೆಂದು ಮಾಡಿಸಿದ ಕಬ್ಬಿಣ
ನಮ್ಮನ್ನೇ ಕಳ್ಳರೆಂದುಕೊಂಡಿತು.
ಆರನೇ ಸರಳು ಮುರಿದಾಗ ಅವಳು ನನ್ನ ತೋಳಿನ ಮೇಲೆ ಬಿದ್ದಳು,
ಒದ್ದೆ ಅಕ್ಕಿಮೂಟೆಯ ಭಾರ,
ಆದರೆ ಉಸಿರಾಡುವ ಮೂಟೆ.

ಕೆಳಗೆ ಸಂಘದ ಕಾರ್ಯದರ್ಶಿ ಕಾಯುತ್ತಿದ್ದರು:
'ಗಾಜು ನನ್ನ ಕಾರಿನ ಮೇಲೆ ಬಿದ್ದಿದೆ. ಯಾರು ಕೊಡ್ತಾರೆ?'
ಜಬೀವುಲ್ಲಾ ನಗುತ್ತಲೇ ಹೋಸು ಸುತ್ತಿದ.
ನನಗೆ ನಗು ಬರಲಿಲ್ಲ, ಬಾಯಿ ತುಂಬ ಪ್ಲಾಸ್ಟಿಕ್ ರುಚಿ.

ಬೆಳಗಿನ ಐದಕ್ಕೆ ಗೋಪಾಳದ ಮನೆ.
ಇಪ್ಪತ್ತು ಮೂವತ್ತರ ಸೈಟು, ಸೊಸೈಟಿ ಸಾಲ.
ಹಾಲಿನಲ್ಲಿ ಅಂಗಾತ ಮಲಗಿದೆ.
ಮೇಲೆ ಗುಲಾಬಿ ಹೂವಿನ ಸುಳ್ಳು ಸೂರು,
ಕಳೆದ ಯುಗಾದಿಗೆ ನಾನೇ ಹಾಕಿಸಿದ್ದು,
ಚೌಕಾಸಿ ಮಾಡಿ ಚದರಡಿಗೆ ತೊಂಬತ್ತು.
ಮನೆಗೊಂದು ಕಳೆ ಬಂತು ಅಂದವನೂ ನಾನೇ.

'ಯಾಕೆ ಎದ್ದು ಕೂತ್ರಿ?' ಅಂದಳು ರತ್ನಾವತಿ.
ಹಿಂದಿನ ಗ್ರಿಲ್ಲಿನ ಕೀ ಎಲ್ಲಿ, ಅಂದೆ.
ಅವಳು ಆಕಳಿಸುತ್ತ ಯೋಚಿಸಿದಳು.
'ಫ್ರಿಜ್ ಮೇಲೆ ಇರ್ಬೇಕು.'

ಸುತ್ತಿಗೆ ಸಿಗಲಿಲ್ಲ. ಲಟ್ಟಣಿಗೆಯಲ್ಲೇ
ಬಾಗಿಲ ಪಕ್ಕ ಒಂದು ಮೊಳೆ ಹೊಡೆದೆ,
ಮಗಳ ಕೈಗೆ ಎಟಕುವ ಎತ್ತರದಲ್ಲಿ.
ಆ ಸದ್ದಿಗೆ ಎದುರುಮನೆಯ ಲೈಟು ಹತ್ತಿತು,
ಆಮೇಲೆ ಅದರ ಪಕ್ಕದ್ದು.