ತೂಗಿದಾಗ ಸೋರುವುದು

ಸಿದ್ದಾಪುರದಲ್ಲಿ ನರ್ಸರಿ ಸಾಲಿನ ಎದುರು
ನನ್ನದು ಆರಡಿ ಎಂಟಡಿ ಅಂಗಡಿ.
ಆ ಕಡೆ ಸಸಿ ಮಾರುತ್ತಾರೆ,
ಈ ಕಡೆ ನಾನು ಮರ ಕೊಯ್ಯುವ ಮೆಷಿನ್ನು ರಿಪೇರಿ ಮಾಡುತ್ತೇನೆ.
ನಗುವವರು ನಗಲಿ. ಬಾಡಿಗೆ ಇಬ್ಬರಿಗೂ ಒಂದೇ.

ಸೋಮವಾರ ಮುನಿಯೆಲ್ಲಪ್ಪ ಬಂದ.
ಗೋಣಿಚೀಲ ಬಿಚ್ಚುವ ಮೊದಲೇ ವಾಸನೆ ಬಂತು.
"ಹೋದ ತಿಂಗಳು ಸಂಡೆ ಬಜಾರಲ್ಲಿ ತಗೊಂಡೆ ನೂರಕ್ಕ,
ನಾಲ್ಕೂವರೆ ಸಾವಿರ. ಕುದುರೆ ಥರ ಓಡ್ತದೆ.
ಸ್ವಲ್ಪ ಘಮ್ಮಂತದೆ, ಅಷ್ಟೇ."

ಘಮ್ಮನ್ನೋದು ಮಲ್ಲಿಗೆ, ಮುನಿಯೆಲ್ಲಪ್ಪ.

ಪಕ್ಕದ ಟೀ ಸ್ಟೌ ಕಡೆಯ ಶಟರ್ ಎಳೆದುಬಂದೆ.
ಮುಚ್ಚಳದ ವಾಷರು ಉಗುರಲ್ಲಿ ಒತ್ತಿದೆ, ಮೆತ್ತಗಿದೆ.
ಪೈಪು ಬಾಗಿಸಿದೆ. ಬಿರುಕು ಬಿಡಲಿಲ್ಲ.
ಕಾರ್ಬೊರೇಟರಿನ ಹೊಟ್ಟೆ ಸವರಿದ ಬೆರಳು
ಒಣಗಿಯೇ ವಾಪಸ್ ಬಂತು.
ಸರಿ, ಎರಡು ಮುಚ್ಚಳ ಪೆಟ್ರೋಲು ಹಾಕಿ
ಹಿಂದಿನ ಬಯಲು ಮೆಟ್ಟಿಲ ಮೇಲೆ
ಹಳೇ ಪೇಪರು ಹಾಸಿ ರಾತ್ರಿಯಿಡೀ ಕೂರಿಸಿದೆ.
ಪೆಟ್ರೋಲು ಹಾರಿದರೂ ಆಯಿಲು ಉಂಗುರ ಬಿಟ್ಟುಹೋಗುತ್ತದೆ.
ಬೆಳಿಗ್ಗೆ ಪೇಪರಲ್ಲಿ ಸುದ್ದಿ ಬಿಟ್ಟು ಏನೂ ಇರಲಿಲ್ಲ.

ಸೋರದ ಯಂತ್ರ, ಹೋಗದ ವಾಸನೆ.
ಮಂಗಳವಾರ ಅವನನ್ನೇ ಕೇಳಿದೆ:
"ಮರದ ಮೇಲೆ ಇದನ್ನ ಹೆಂಗೆ ಇಟ್ಕೊಳ್ತೀಯ?"

ಎದ್ದು ತೋರಿಸಿದ.
ಸೊಂಟದ ಹಗ್ಗಕ್ಕೆ ಹಿಂದಿನ ಹಿಡಿ ಸಿಕ್ಕಿಸಿ
ಹಲ್ಲು ನೆಲಕ್ಕೆ, ಮೈ ಎಡತೊಡೆಗೆ.
"ಎರಡೂ ಕೈಗೆ ಕೊಂಬೆ ಬೇಕಲ್ಲಕ್ಕ."

ಫ್ಯಾನಿಗೆಂದು ಬಿಟ್ಟು ಫ್ಯಾನೇ ಬರದ ಕೊಂಡಿಗೆ
ಹಾಗೆಯೇ ತೂಗುಹಾಕಿದೆ.
ಇಬ್ಬರೂ ತಲೆಯೆತ್ತಿ ನಿಂತೆವು,
ಚಂದ್ರ ಕಾಣಲೆಂದು ಕಾದವರ ಹಾಗೆ.
ಮೂವತ್ತಾರು ಎಣಿಸಿದ್ದೆ.
ಒಂದು ಹನಿ.
ಆಮೇಲೆ ಎಣಿಸುವ ಅಗತ್ಯವಿರಲಿಲ್ಲ.

ಪೈಪು ಟ್ಯಾಂಕಿನೊಳಗೆ ಇಳಿಯುವ ಕಡೆ
ಒಂದು ರಬ್ಬರು ಬಳೆ ಇರಬೇಕು.
ಅಲ್ಲಿ ಕೆರೆದರೆ ಉಗುರಲ್ಲಿ ಬೆಳ್ಳಗೆ ಬಂತು, ಮೂಸಿದೆ.
ಬಟ್ಟೆ ಸೋಪು.
ಭಾನುವಾರ ಮಾರುವವನಿಗೆ
ಭಾನುವಾರ ಸಂಜೆಯವರೆಗೆ ನಿಂತರೆ ಸಾಕಲ್ಲ.

"ಎಡತೊಡೆ ಕೆರೀತದಾ?"
ನೆಲ ನೋಡಿದ. "ಒಂದು ತಿಂಗಳಾಯ್ತು.
ಡಾಕ್ಟ್ರು ಗಜಕರ್ಣ ಅಂದ್ರು, ಮುಲಾಮು ಕೊಟ್ಟವ್ರೆ."
"ಬೀಡಿ?"
"ಮೇಲೆ ಒಂದೇ. ಕೆಳಗೆ ಮೇಸ್ತ್ರಿ ಬೈತಾನೆ."

ನಾನು ಬೈಯಲಿಲ್ಲ. ಸೈಲೆನ್ಸರಿನ ಪಕ್ಕ
ಆಯಿಲು ಕುಡಿದು ಗಟ್ಟಿಯಾದ ಹೊಟ್ಟನ್ನು
ಸ್ಕ್ರೂಡ್ರೈವರಲ್ಲಿ ಎಬ್ಬಿಸಿ ಅವನ ಅಂಗೈಗಿಟ್ಟೆ.
ಒಂದು ಅಂಚು ಕರ್ರಗಿತ್ತು, ಕಡಲೆಬೀಜದಷ್ಟು.
ಇದು ಒಂದು ಸಲ ಹೊತ್ತಿಕೊಂಡಿದೆ.
ಯಾವ ಮರದ ಮೇಲೆ, ಯಾವತ್ತು,
ಯಾಕೆ ತಾನಾಗಿ ಆರಿತು,
ಇವನಿಗೂ ಗೊತ್ತಿಲ್ಲ, ಯಂತ್ರಕ್ಕೂ.

ಬಹಳ ಹೊತ್ತು ಅಂಗೈ ಮುಚ್ಚದೆ ಹಿಡಿದಿದ್ದ.
ಅಷ್ಟರಲ್ಲಿ ಫೋನು ಬಂತು.
ರಾತ್ರಿಯ ಗಾಳಿಗೆ ಜಯನಗರದಲ್ಲಿ
ಯಾರದೋ ಕಾರಿನ ಮೇಲೆ ಮರ ಕೂತಿದೆ, ಲಾರಿ ಕಾಯುತ್ತಿದೆ.
"ಇವತ್ತಿಗೆ ಸೋಪೇ ಮೆತ್ತಿ ಕೊಡಿ ನೂರಕ್ಕ.
ಗುರುವಾರ ರಬ್ಬರು ಹಾಕ್ಸೋಣ."

ಅರವತ್ತು ರೂಪಾಯಿಯ ರಬ್ಬರು.
ಜೆ.ಸಿ. ರೋಡಿಂದ ಬರಲು ಸಾಯಂಕಾಲ ಆಗುತ್ತದೆ.
ಸ್ಪ್ಯಾನರ್ ತಗೊಂಡು ಪ್ಲಗ್ಗು ಬಿಚ್ಚಿದೆ,
ಒರೆಸಿದೆ, ಕುರ್ತಾ ಜೇಬಿಗೆ ಹಾಕಿಕೊಂಡೆ.
"ಬೇಕಿದ್ರೆ ಒಯ್ಯಿ."

ಯಂತ್ರ ನೋಡಿದ, ಜೇಬು ನೋಡಿದ,
ಎದುರುಗಡೆ ಸಸಿಗಳಿಗೆ ಪೈಪಲ್ಲಿ
ನೀರು ಬಿಡುತ್ತಿದ್ದ ಹುಡುಗನನ್ನು ನೋಡಿದ.
ಆಮೇಲೆ ಬೋರಲು ಹಾಕಿದ್ದ ಡಬ್ಬದ ಮೇಲೆ ಕೂತು
ಮರೆತು ತೊಡೆ ಕೆರೆದುಕೊಂಡ.

"ಅಲ್ಲಿ ನಲ್ಲಿ ಹತ್ರ ಸೋಪಿದೆ," ಅಂದೆ.
"ಹೋಗು, ತೊಳ್ಕೋ."