ಕೆಂಪು ಗಿರಣಿ

ಐಡಾ ಕ್ರೆಸ್ಗಿಯ ಬೂಟಿನ ಡಬ್ಬದಲ್ಲಿ
ಇನ್ನೂರ ಹನ್ನೊಂದು ಗಿರಣಿಗಳಿವೆ,
ಒಂದೂ ಬೀಸುವುದಿಲ್ಲ.

ಪೆನ್ಸಿಲ್ವೇನಿಯಾದ ಹಳೇ ಸಾಮಾನಿನ ಸಂತೆಗಳಲ್ಲಿ
ಒಂದೊಂದೇ ಕಾರ್ಡು ಆರಿಸಿದವಳು.
ಮೊದಲು ಹಿಂಬದಿ ಓದುತ್ತಾಳೆ:
"ಚಕ್ರಕ್ಕೆ ಹಿಮ ಕಟ್ಟಿದೆ. ಜೋಳದ ಹಿಟ್ಟು ಶನಿವಾರ.
ಮಗುವಿನ ಕೆಮ್ಮು ಇಳಿದಿದೆ."
ಒಂದು ಸೆಂಟಿನ ಹಸಿರು ಅಂಚೆಚೀಟಿ, ೧೯೦೯.
ಆಮೇಲೆ ಚಿತ್ರ: ಕೆಂಪು ಗೋಡೆ, ನೀಲಿ ಹಳ್ಳ.

ಊರವರು ಪಾಳುಗಿರಣಿ ಎತ್ತಿ ನಿಲ್ಲಿಸುವಾಗ
ಬಣ್ಣ ಯಾವುದೆಂದು ಕೇಳಿದ್ದು ಇವಳನ್ನೇ.
ಕೊಟ್ಟಳು ಕಾರ್ಡು. ಬಳಿದರು ಕೆಂಪು.

ತೊಂಬತ್ತಾರರ ಟಿಲ್ಲಿ ಫೆನ್‌ಸ್ಟರ್‌ಮೇಕರ್
ಗಾಲಿಕುರ್ಚಿಯಲ್ಲಿ ಬಂದು ಕಣ್ಣು ಕಿರಿದು ಮಾಡಿದಳು:
"ಯಾರದಿದು? ನಮ್ಮದು ಬರೀ ಹಲಗೆ.
ಬಣ್ಣಕ್ಕೆ ಅಪ್ಪನ ಹತ್ತಿರ ಕಾಸೆಲ್ಲಿತ್ತು?
ಹಿಟ್ಟು ಕೂತು ಕೂತು ಬೆಳ್ಳಗಿತ್ತು, ಅಷ್ಟೆ."

ಆ ರಾತ್ರಿ ಐಡಾ ಭೂತಗನ್ನಡಿ ಹಿಡಿದಳು.
ಅಂಚಿನಲ್ಲಿ ಇರುವೆಯಷ್ಟು ಅಕ್ಷರ:
ಅಚ್ಚಾದದ್ದು ಜರ್ಮನಿಯಲ್ಲಿ.

ಲೈಪ್ಜಿಗ್‌ನ ಯಾವುದೋ ಮಾಳಿಗೆಯಲ್ಲಿ
ಕುಂಚ ಅದ್ದಿ ಕೂತ ಹುಡುಗಿ,
ಈ ಹಳ್ಳದ ಹೆಸರೂ ಕೇಳದವಳು.
ಆ ಸಂಜೆ ಬಟ್ಟಲಲ್ಲಿ
ಉಳಿದಿದ್ದು ಕೆಂಪೇ ಇರಬೇಕು.

ಐಡಾ ಕಾರ್ಡನ್ನು ಡಬ್ಬಕ್ಕೆ ಹಾಕಲಿಲ್ಲ.
ಅಡುಗೆಮನೆಯ ಕಿಟಕಿಗೆ ಒರಗಿಸಿದಳು,
ಚಿತ್ರ ಬೀದಿಗೆ,
ಕೆಮ್ಮು ಇಳಿದ ಮಗು ತನ್ನ ಕಡೆಗೆ.